ಹಳೆಯ ಬಿಲ್ಡ್ ಸೂಚನೆ: ಅಳಿಸಬೇಕೋ, ಇರಲಿ ಅಂತ ಬಿಡಬೇಕೋ?

ಪ್ರಶ್ನೆ: ನಾನು ಗೋಣಿಕೊಪ್ಪದವಳು. ಒಂದು ಚಿಕ್ಕ ಓಪನ್ ಸೋರ್ಸ್ ಲೈಬ್ರರಿಯನ್ನು ನೋಡಿಕೊಳ್ಳುತ್ತಿದ್ದೇನೆ. ಕಾಫಿ ತೋಟಗಳಲ್ಲಿ ದಿನದಿನದ ಮಳೆ ಬರೆದಿಡುವ ಮಳೆ ಪುಸ್ತಕದ ಲೆಕ್ಕವನ್ನು ಓದಿ, ಮಿಲಿಮೀಟರ್‌ಗೆ ಬದಲಿಸಿ, ತಿಂಗಳ ಮೊತ್ತ, ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಬಿದ್ದ ದಿನ ಎಲ್ಲವನ್ನೂ ತೆಗೆದು ಕೊಡುತ್ತದೆ. ಪೈಥಾನ್‌ನಲ್ಲಿದೆ, ಒಳಗೆ ಸ್ವಲ್ಪ ಸಿ ಕೋಡ್ ಕೂಡ ಇದೆ. ಇದನ್ನು ಶುರು ಮಾಡಿದವರು ನನಗೆ ಕಾಲೇಜಿನಲ್ಲಿ ಪಾಠ ಹೇಳಿದ ಸಾರ್. ಡಾಕ್ಯುಮೆಂಟೇಶನ್‌ನಲ್ಲಿ ಬಿಲ್ಡ್ ಮಾಡುವ, ಅಂದರೆ ಕೋಡಿನಿಂದ ನಡೆಯುವ ಪ್ರೋಗ್ರಾಂ ಕಟ್ಟುವ ಬಗ್ಗೆ ಉದ್ದುದ್ದ ಪುಟಗಳಿವೆ. ಪೈಥಾನ್ 2.7, ವಿಂಡೋಸ್ ಎಕ್ಸ್‌ಪಿ, ವಿಷುವಲ್ ಸ್ಟುಡಿಯೋ 2008, ‘ಸೆಟಪ್ ಡಾಟ್ ಪೈ ಇನ್‌ಸ್ಟಾಲ್’ ಹೀಗೆ. ಅದರಲ್ಲಿ ಒಂದೂ ಈಗ ನಡೆಯುವುದಿಲ್ಲ. ಅಳಿಸುತ್ತೇನೆ ಅಂದರೆ ಸಾರ್, ‘ಇರಲಿ ಬಿಡಮ್ಮ, ಯಾರಿಗಾದರೂ ಬೇಕಾಗಬಹುದು. ಮೇಲೆ ಹಳೆಯದು ಅಂತ ಒಂದು ಸಾಲು ಬರೆದುಬಿಡು’ ಅನ್ನುತ್ತಾರೆ. ಕೆಲವು ತೋಟಗಳ ಆಫೀಸಿನಲ್ಲಿ ಇನ್ನೂ ವಿಂಡೋಸ್ 7 ಕಂಪ್ಯೂಟರ್ ಇರುವುದೂ ನಿಜ. ಅಳಿಸಬೇಕೋ ಬೇಡವೋ? ಅಳಿಸುವುದಾದರೆ ಹೇಗೆ?

ಉತ್ತರ: ಅಳಿಸಿ. ಇದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಪುಟ ತೆಗೆದು ಎಸೆಯುವ ಮೊದಲು ಅದನ್ನು ಸಾಲು ಸಾಲಾಗಿ ಓದಬೇಕು. ನೀವು ಕಳಿಸಿದ ಪುಟಗಳಲ್ಲಿ ಸತ್ತ ಸೂಚನೆಗಳ ನಡುವೆ ಇವತ್ತಿಗೂ ಬೇಕಾದ ಮಾತುಗಳು ಸಿಕ್ಕಿಕೊಂಡಿವೆ. ಅವನ್ನು ಹೊರಗೆ ತೆಗೆದ ಮೇಲೆಯೇ ಉಳಿದದ್ದನ್ನು ಅಳಿಸಬೇಕು. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೊದಲು ನಿಮ್ಮ ಸಾರ್ ಹೇಳಿದ ಎಚ್ಚರಿಕೆ ಸಾಲಿನ ವಿಷಯ. ಮೇಲೆ ‘ಇದು ಹಳೆಯದು’ ಅಂತ ಬರೆದು ಕೆಳಗೆ ಎಲ್ಲವನ್ನೂ ಹಾಗೇ ಬಿಡುವುದು ತುಂಬಾ ಪ್ರಾಜೆಕ್ಟ್‌ಗಳು ಹಿಡಿಯುವ ದಾರಿ. ಅದರಿಂದ ಓದುಗರಿಗೆ ಏನೂ ಉಪಕಾರವಾಗುವುದಿಲ್ಲ. ಬಿಲ್ಡ್ ಪುಟಕ್ಕೆ ಬರುವವರು ಪುಟವನ್ನು ಮೇಲಿನಿಂದ ಕೆಳಗೆ ಓದುವುದಿಲ್ಲ. ಹುಡುಕಿ ಬರುತ್ತಾರೆ, ಕಮಾಂಡ್ ಇರುವ ಜಾಗಕ್ಕೆ ಇಳಿಯುತ್ತಾರೆ, ಕಾಪಿ ಮಾಡಿ ಟರ್ಮಿನಲ್‌ಗೆ ಹಾಕುತ್ತಾರೆ. ಎಷ್ಟೋ ಸಲ ಅವರು ನಿಮ್ಮ ಪುಟವನ್ನು ನೋಡುವುದೂ ಇಲ್ಲ. ಈಗ ಎಐ ಸಹಾಯಕಗಳು ಆ ಕಮಾಂಡನ್ನು ಮಾತ್ರ ಎತ್ತಿ ಕೊಡುತ್ತವೆ, ಎಚ್ಚರಿಕೆ ಸಾಲು ಹಿಂದೆಯೇ ಉಳಿಯುತ್ತದೆ. ಇನ್ನೊಂದು ತೊಂದರೆಯೂ ಇದೆ. ಒಂದು ಪುಟದ ಮೇಲೆ ‘ಹಳೆಯದು’ ಅಂತ ಬರೆದರೆ, ಬೇರೆ ಪುಟಗಳನ್ನು ಓದುವವರಿಗೂ ಅನುಮಾನ ಶುರುವಾಗುತ್ತದೆ. ಇದು ಹಳೆಯದೋ ಹೊಸದೋ, ಎಚ್ಚರಿಕೆ ಹಾಕಲು ಮರೆತಿದ್ದಾರೋ ಅಂತ ಅವರೇ ಊಹಿಸಬೇಕಾಗುತ್ತದೆ.

ಈ ಪುಟಕ್ಕೆ ಯಾರು ಬರುತ್ತಾರೆ ಅಂತ ಸ್ವಲ್ಪ ಯೋಚಿಸಿ. ಪೊನ್ನಂಪೇಟೆಯಲ್ಲೋ ಕುಶಾಲನಗರದಲ್ಲೋ ಇಂಜಿನಿಯರಿಂಗ್ ಓದುವ ಹುಡುಗ ಅಥವಾ ಹುಡುಗಿ ಅಂತ ಇಟ್ಟುಕೊಳ್ಳಿ. ಮನೆಯಲ್ಲಿ ಅಜ್ಜನ ಕಾಲದ ಮಳೆ ಪುಸ್ತಕ ಇದೆ, ಅದನ್ನೇ ಪ್ರಾಜೆಕ್ಟ್ ಮಾಡೋಣ ಅಂತ ಆಸೆ. ಜುಲೈ ತಿಂಗಳು. ಕರೆಂಟ್ ಹೋಗಿದೆ, ಲ್ಯಾಪ್‌ಟಾಪಿನಲ್ಲಿ ಅರ್ಧ ಚಾರ್ಜ್ ಇದೆ, ಮೊಬೈಲ್ ಡೇಟಾ ಒಂದೊಂದು ಕಡ್ಡಿ ತೋರಿಸುತ್ತಿದೆ. ನಿಮ್ಮ ಪುಟ ‘ಮೊದಲು ಇದನ್ನು ಡೌನ್‌ಲೋಡ್ ಮಾಡಿ’ ಅಂತ ಒಂದು ದೊಡ್ಡ ಕಂಪೈಲರ್ (ಕೋಡನ್ನು ಯಂತ್ರದ ಭಾಷೆಗೆ ಬದಲಿಸುವ ಪ್ರೋಗ್ರಾಂ) ಕಡೆಗೆ ಕೈ ತೋರಿಸುತ್ತದೆ. ಆ ಕಂಪೈಲರ್ ಈಗ ಯಾವ ಕೆಲಸಕ್ಕೂ ಬರುವುದಿಲ್ಲ ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ದೊಡ್ಡ ಪಟ್ಟಣದಲ್ಲಿ ಫೈಬರ್ ಇಂಟರ್‌ನೆಟ್ ಇರುವವರಿಗೆ ತಪ್ಪು ಸೂಚನೆ ಅಂದರೆ ಹತ್ತು ನಿಮಿಷ ದಂಡ. ಇಲ್ಲಿ ಅದು ಒಂದಿಡೀ ಸಂಜೆಯನ್ನೂ ಅವತ್ತಿನ ಡೇಟಾವನ್ನೂ ತಿಂದುಬಿಡುತ್ತದೆ. ಮಾರನೇ ದಿನ ಅವರು ಮತ್ತೆ ಪ್ರಯತ್ನಿಸುತ್ತಾರೆ ಅಂತ ನನಗೆ ನಂಬಿಕೆ ಇಲ್ಲ. ‘ನನಗೆ ಇದೆಲ್ಲ ಬರಲ್ಲ’ ಅಂದುಕೊಂಡು ಬಿಟ್ಟುಬಿಡುತ್ತಾರೆ. ತಪ್ಪು ಪುಟದ್ದು, ಆದರೆ ಬೈದುಕೊಳ್ಳುವುದು ತಮ್ಮನ್ನೇ. ನನಗೆ ಅತೀ ಬೇಜಾರಾಗುವುದು ಇದರ ಬಗ್ಗೆಯೇ.

ನಿಮ್ಮ ಹಳೆಯ ಪುಟವನ್ನು ಇವತ್ತಿನ ಕಂಪ್ಯೂಟರಿನಲ್ಲಿ ನಡೆಸಿದರೆ ಏನಾಗುತ್ತದೆ ಅಂತ ಹೇಳುತ್ತೇನೆ. ಸಾರ್ ಜೊತೆ ಮಾತಾಡುವಾಗ ನಿಮಗೆ ಬೇಕಾಗುತ್ತದೆ. ಪೈಥಾನ್ 2ಕ್ಕೆ ಬೆಂಬಲ ನಿಂತದ್ದು 2020ರ ಜನವರಿ 1ಕ್ಕೆ. ಪೈಥಾನ್ ಲೈಬ್ರರಿಗಳನ್ನು ಇನ್‌ಸ್ಟಾಲ್ ಮಾಡುವ ಪಿಪ್ ತನ್ನ 21.0 ಆವೃತ್ತಿಯಿಂದ, ಅಂದರೆ 2021ರ ಜನವರಿಯಿಂದ, ಪೈಥಾನ್ 2ರಲ್ಲಿ ನಡೆಯುವುದನ್ನೇ ಬಿಟ್ಟಿತು. ಸರಿ, ಪೈಥಾನ್ 3 ಇದೆಯಲ್ಲ ಅಂತ ಹುಡುಗ ಅದರಲ್ಲೇ ಹಾಕುತ್ತಾನೆ. ನಿಮ್ಮ ಸೆಟಪ್ ಫೈಲಿನ ಹಳೆಯ ಮಾದರಿಯ ಮೊದಲ ಸಾಲೇ ಡಿಸ್ಟ್‌ಯುಟಿಲ್ಸ್ ಎಂಬ ಹಳೆಯ ಬಿಲ್ಡ್ ಮಾಡ್ಯೂಲ್‌ನಿಂದ ಇಂಪೋರ್ಟ್ ಮಾಡುತ್ತದೆ. ಡಿಸ್ಟ್‌ಯುಟಿಲ್ಸ್ ಪೈಥಾನ್ 3.10ರಲ್ಲಿ ‘ಇನ್ನು ಬಳಸಬೇಡಿ’ ಪಟ್ಟಿಗೆ ಸೇರಿತು. 2023ರ ಅಕ್ಟೋಬರ್‌ನಲ್ಲಿ ಬಂದ 3.12ರಲ್ಲಿ ಅದನ್ನು ಪೂರ್ತಿ ತೆಗೆದರು. ಹೊಸದಾಗಿ ಮಾಡಿದ ವರ್ಚುವಲ್ ಎನ್ವಿರಾನ್‌ಮೆಂಟ್‌ನಲ್ಲಿ (ಒಂದು ಪ್ರಾಜೆಕ್ಟ್‌ಗೆಂದೇ ಬೇರೆಯಾಗಿ ಇಟ್ಟ ಪೈಥಾನ್‌ನಲ್ಲಿ) 3.12ರಿಂದ ಈಚೆಗೆ, ಅದರ ಜಾಗದಲ್ಲಿ ಬಳಸುವ ಸೆಟಪ್‌ಟೂಲ್ಸ್ ಕೂಡ ತಾನಾಗಿ ಬರುವುದಿಲ್ಲ. ಆದ್ದರಿಂದ ಮೊದಲ ಕಮಾಂಡಿಗೇ ಅಂಥ ಮಾಡ್ಯೂಲೇ ಇಲ್ಲ ಅಂತ ಎರರ್ ಬರುತ್ತದೆ.

ಹುಡುಗ ಆ ಎರರನ್ನು ಹುಡುಕುತ್ತಾನೆ. ಯಾರೋ ‘ಸುಡೋ ಹಾಕಿ ಪಿಪ್‌ನಿಂದ ಸೆಟಪ್‌ಟೂಲ್ಸ್ ಹಾಕಿಕೋ’ ಅಂದಿರುತ್ತಾರೆ. ಲಿನಕ್ಸ್‌ನ ಡೆಬಿಯನ್‌ನಲ್ಲಿ, 2023ರಲ್ಲಿ ಬಂದ 12ನೇ ಆವೃತ್ತಿಯಿಂದ ಈಚೆಗೆ ಅದಕ್ಕೂ ತಡೆ ಇದೆ. ಸಿಸ್ಟಮ್‌ನ ಪೈಥಾನ್‌ಗೆ ಪಿಪ್ ನೇರವಾಗಿ ಕೈ ಹಾಕುವಂತಿಲ್ಲ. ಅದನ್ನು ದಾಟಲು ‘ಬ್ರೇಕ್ ಸಿಸ್ಟಮ್ ಪ್ಯಾಕೇಜಸ್’ ಎಂಬ ಆಯ್ಕೆ ಇದೆ. ಹೆಸರೇ ಅಪಾಯ ಹೇಳುತ್ತದೆ, ಆದರೆ ಆ ಹೊತ್ತಿಗೆ ಹುಡುಗನ ತಾಳ್ಮೆ ಮುಗಿದಿರುತ್ತದೆ, ಅದನ್ನೂ ಹಾಕಿಬಿಡುತ್ತಾನೆ. ನೋಡಿ, ನಿಮ್ಮ ಒಂದು ಹಳೆಯ ಸಾಲು ಅವನನ್ನು ಎಲ್ಲಿಗೆ ತಂದು ನಿಲ್ಲಿಸಿತು. ‘ಹಳೆಯದು ಇದ್ದರೆ ಏನು ನಷ್ಟ’ ಅನ್ನುವವರಿಗೆ ನಾನು ಕೊಡುವ ಉತ್ತರ ಇದೇ.

ಇದು ಪೈಥಾನ್‌ಗೆ ಮಾತ್ರ ಬಂದ ಕಷ್ಟವಲ್ಲ. ಸಿ ಕೋಡ್ ಬಿಲ್ಡ್ ಮಾಡಲು ಬಳಸುವ ಸಿಮೇಕ್ ಉಪಕರಣದ 2025ರಲ್ಲಿ ಬಂದ 4.0 ಆವೃತ್ತಿ, ‘ಕನಿಷ್ಠ ಆವೃತ್ತಿ’ ಜಾಗದಲ್ಲಿ 3.5ಕ್ಕಿಂತ ಹಳೆಯದನ್ನು ಬರೆದಿರುವ ಪ್ರಾಜೆಕ್ಟ್‌ಗಳನ್ನು ಒಪ್ಪುವುದೇ ಇಲ್ಲ. ಕೋಡ್ ಇಟ್ಟು ಹಂಚುವ ತಾಣ ಗಿಟ್‌ಹಬ್ 2022ರ ಮಾರ್ಚ್‌ನಲ್ಲಿ, ಲಾಗಿನ್ ಇಲ್ಲದೆ ಗೂಢಲಿಪಿಯೂ ಇಲ್ಲದೆ ನಡೆಯುತ್ತಿದ್ದ ಹಳೆಯ ಗಿಟ್ ಪ್ರೋಟೋಕಾಲ್ ಅನ್ನು ನಿಲ್ಲಿಸಿತು. ಎಷ್ಟೋ ಲೈಬ್ರರಿಗಳ ‘ಮೊದಲು ಕ್ಲೋನ್ ಮಾಡಿ’ (ಕೋಡಿನ ನಕಲು ಇಳಿಸಿಕೊಳ್ಳಿ) ಎಂಬ ಸಾಲು ಅವತ್ತೇ ಕೆಲಸ ನಿಲ್ಲಿಸಿತು. ಕೋಡಿನಲ್ಲಿ ಒಂದಕ್ಷರ ಬದಲಾಗದಿದ್ದರೂ ಸುತ್ತಲಿನ ಜಗತ್ತು ಬದಲಾಗುತ್ತದೆ. ಕೋಡ್ ತಪ್ಪಾದರೆ ಟೆಸ್ಟ್ ಕೂಗುತ್ತದೆ. ಡಾಕ್ಯುಮೆಂಟೇಶನ್ ತಪ್ಪಾದರೆ ಯಾರೂ ಕೂಗುವುದಿಲ್ಲ.

ಭದ್ರತೆಯ ವಿಷಯವೂ ಇದೆ. ಹಳೆಯ ಬಿಲ್ಡ್ ಪುಟಗಳಲ್ಲಿ ಸಾಮಾನ್ಯವಾಗಿ ಬೇರೆಯವರ ತಾಣದಿಂದ ಏನನ್ನಾದರೂ ತರಿಸುವ ಲಿಂಕ್ ಇರುತ್ತದೆ. ನಿಮ್ಮ ಪುಟದಲ್ಲೂ ಒಂದಿದೆ. ಜಿಪ್ ಫೈಲ್ ಇಟ್ಟಿದ್ದ ಆ ಡೊಮೇನ್ ಯಾರದ್ದೋ ವೈಯಕ್ತಿಕ ತಾಣ. ನವೀಕರಿಸದೆ ಬಿಟ್ಟ ಡೊಮೇನನ್ನು ಯಾರು ಬೇಕಾದರೂ ಕೊಳ್ಳಬಹುದು. 2024ರಲ್ಲಿ ಪಾಲಿಫಿಲ್ ಡಾಟ್ ಐಓ ಎಂಬ ಡೊಮೇನ್‌ಗೆ ಆದದ್ದು ನಿಮಗೆ ನೆನಪಿರಬಹುದು. ವರ್ಷಗಟ್ಟಲೆ ಎಲ್ಲರೂ ನಂಬಿಕೊಂಡು ಅಲ್ಲಿಂದ ಕೋಡ್ ತರಿಸುವ ಒಂದು ಸಾಲನ್ನು ತಮ್ಮ ಪುಟಗಳಿಗೆ ಅಂಟಿಸಿಕೊಂಡಿದ್ದರು. ಫೆಬ್ರುವರಿಯಲ್ಲಿ ಡೊಮೇನ್ ಕೈ ಬದಲಾಯಿತು. ಜೂನ್ ಹೊತ್ತಿಗೆ ಅಲ್ಲಿಂದ ಕೆಟ್ಟ ಕೋಡ್ ಬರುತ್ತಿದೆ ಎಂದು ಗೊತ್ತಾಯಿತು. ಒಂದು ಲಕ್ಷಕ್ಕೂ ಹೆಚ್ಚು ತಾಣಗಳು ಅದನ್ನು ಬಳಸುತ್ತಿದ್ದವು ಎಂದು ಸ್ಯಾನ್‌ಸೆಕ್ ಎಂಬ ಭದ್ರತಾ ಕಂಪನಿ ಆಗ ಹೇಳಿತ್ತು. ನಿಮ್ಮ ಲೈಬ್ರರಿ ಅಷ್ಟು ದೊಡ್ಡದಲ್ಲ ನಿಜ. ಆದರೆ ನಿಮ್ಮನ್ನು ನಂಬಿ ಆ ಜಿಪ್ ಇಳಿಸಿಕೊಳ್ಳುವ ತೋಟದ ಲೆಕ್ಕ ಬರೆಯುವ ರೈಟರ್‌ಗೆ ಆ ಲೆಕ್ಕದಿಂದ ಸಮಾಧಾನ ಆಗುವುದಿಲ್ಲ. ಬೇರೆ ಏನನ್ನು ಮಾಡಲು ತಡವಾದರೂ ಆ ಲಿಂಕನ್ನು ಮಾತ್ರ ಇವತ್ತೇ ತೆಗೆಯಿರಿ.

ಈಗ ವಿಂಡೋಸ್ 7. ಇದು ನಿಮ್ಮ ಪ್ರಶ್ನೆಯ ಕಷ್ಟದ ಭಾಗ. ಸಾರ್ ಮಾತಿನ ಹಿಂದೆ ಇರುವುದು ಕಾಳಜಿಯೇ, ಅಲ್ವಾ? ಆ ಕಂಪ್ಯೂಟರ್ ಇರುವವರು ಕೈಬಿಟ್ಟುಹೋಗಬಾರದು ಅಂತ. ಆದರೆ ಅವರಿಗೆ ನಿಜವಾಗಿ ಬೇಕಾದದ್ದೇನು ಅಂತ ಕೇಳಿಕೊಳ್ಳಿ. ತೋಟದ ಆಫೀಸಿನಲ್ಲಿ ಲೆಕ್ಕ ಬರೆಯುವವರು ಸಿ ಕೋಡನ್ನು ಕಂಪೈಲ್ ಮಾಡಲು ಕೂರುವುದಿಲ್ಲ. ಕೂತರೂ, ವಿಂಡೋಸ್‌ನಲ್ಲಿ ಪೈಥಾನ್ 2.7ಕ್ಕೆ ಸಿ ಎಕ್ಸ್‌ಟೆನ್ಶನ್ ಕಟ್ಟಬೇಕಾದರೆ ವಿಷುವಲ್ ಸ್ಟುಡಿಯೋ 2008ರ ಕಂಪೈಲರೇ ಬೇಕು. ಅದನ್ನು ಎಲ್ಲಿಂದ ತರುತ್ತಾರೆ? ಹಳೆಯ ಕಂಪ್ಯೂಟರ್ ಇರುವವರಿಗೆ ಬಿಲ್ಡ್ ಸೂಚನೆ ಬೇಡ, ರೆಡಿಯಾಗಿ ಕಟ್ಟಿದ ಫೈಲ್ ಬೇಕು.

ವಿಂಡೋಸ್ 7ರಲ್ಲಿ ನಡೆಯುವ ಕೊನೆಯ ಪೈಥಾನ್ 3.8. ಅದಕ್ಕೂ 2024ರ ಅಕ್ಟೋಬರ್‌ನಲ್ಲಿ ಬೆಂಬಲ ಮುಗಿದಿದೆ. ಆದರೂ 3.8ಕ್ಕೆ ಅಂಥ ರೆಡಿ ಫೈಲ್, ಅಂದರೆ ಒಂದು ವೀಲ್ ಫೈಲ್ ಕಟ್ಟಿ ಇಡುವುದು ನಿಮಗೆ ದೊಡ್ಡ ಕೆಲಸವಲ್ಲ. ಒಂದು ಆವೃತ್ತಿಯನ್ನು ‘3.8ಕ್ಕೆ ಇದೇ ಕೊನೆ’ ಅಂತ ಗುರುತು ಮಾಡಿ, ವೀಲ್ ಕಟ್ಟಿ, ಬಿಡುಗಡೆ ಪುಟದಲ್ಲಿ ಇಡಿ. ಮುಂದಿನ ಆವೃತ್ತಿಗಳಲ್ಲಿ ‘ಪೈಥಾನ್ ರಿಕ್ವೈರ್ಸ್’ ಜಾಗವನ್ನು ಸರಿಯಾಗಿ ತುಂಬಿ. 2016ರಲ್ಲಿ ಬಂದ ಪಿಪ್ 9.0ರಿಂದ ಈಚೆಗೆ ಪಿಪ್ ಆ ಜಾಗವನ್ನು ನೋಡುತ್ತದೆ. 3.8 ಇರುವವರು ಇನ್‌ಸ್ಟಾಲ್ ಕಮಾಂಡ್ ಕೊಟ್ಟರೆ ಹೊಸದನ್ನು ಬಿಟ್ಟು ಅವರಿಗೆ ಹೊಂದುವ ಹಳೆಯ ಆವೃತ್ತಿಯನ್ನೇ ಎತ್ತಿಕೊಳ್ಳುತ್ತದೆ. ಅವರು ಏನೂ ಓದಬೇಕಿಲ್ಲ. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2020ರ ಜನವರಿ 14ಕ್ಕೇ ನಿಂತಿದೆ. ಆದ್ದರಿಂದ ಆ ಕಂಪ್ಯೂಟರನ್ನು ಇಂಟರ್‌ನೆಟ್‌ಗೆ ಜಾಸ್ತಿ ತೆರೆದಿಡಬೇಡಿ ಅಂತ ಅಲ್ಲೇ ಒಂದು ಸಾಲು ಬರೆಯಿರಿ. ಫೈಲನ್ನು ಪೆನ್‌ಡ್ರೈವ್‌ನಲ್ಲಿ ಒಯ್ದು ಹಾಕುವ ಕ್ರಮವನ್ನೂ ಸೇರಿಸಿ. ನೆಟ್‌ವರ್ಕ್ ಇಲ್ಲದ ತೋಟಗಳಿಗೆ ಹೇಗೂ ಅದೇ ಬೇಕಾಗುತ್ತದೆ.

ಹಾಗಾದರೆ ಹಳೆಯ ಸೂಚನೆ ಎಲ್ಲಿಗೆ ಹೋಯಿತು? ಎಲ್ಲಿಗೂ ಹೋಗುವುದಿಲ್ಲ. ಕೋಡಿನ ಇತಿಹಾಸ ಕಾಪಾಡುವ ಗಿಟ್‌ನಲ್ಲಿ ಹಳೆಯ ಆವೃತ್ತಿಗೆ ಟ್ಯಾಗ್ ಎಂಬ ಗುರುತು ಹಾಕಿಡಬಹುದು. ಆ ಟ್ಯಾಗ್ ತೆರೆದರೆ ಆ ಕಾಲದ ಕೋಡೂ ಆ ಕಾಲದ ಸೂಚನೆಯೂ ಒಟ್ಟಿಗೇ ಸಿಗುತ್ತವೆ. ಹಳೆಯ ಕೋಡ್ ಬೇಕಾದವರಿಗೆ ಹಳೆಯ ಸೂಚನೆ ಅಲ್ಲಿಯೇ ಇರಬೇಕು. ಇವತ್ತಿನ ಕೋಡಿನ ಪಕ್ಕ ಇವತ್ತಿನ ಸೂಚನೆ ಮಾತ್ರ ಇರಬೇಕು. ನಿಮ್ಮ ಹಳೆಯ ಆವೃತ್ತಿಗೆ ಟ್ಯಾಗ್ ಹಾಕಿಲ್ಲದಿದ್ದರೆ, ಅಳಿಸುವ ಮೊದಲು ಹಾಕಿ. ಸಾರ್‌ಗೆ ಈ ಮಾತು ಖಂಡಿತ ಒಪ್ಪಿಗೆಯಾಗುತ್ತದೆ ಅಂತ ನನ್ನ ಎಣಿಕೆ.

ಇನ್ನು ಆ ಪುಟಗಳೊಳಗೆ ಇರುವ ಜೀವಂತ ಮಾತುಗಳು. ನನಗೆ ಈ ಭಾಗವೇ ಮುಖ್ಯ.

ಎಕ್ಸ್‌ಪಿಯಲ್ಲಿ ಇನ್‌ಸ್ಟಾಲ್ ಮಾಡಿದ ಮೇಲೆ ಪರೀಕ್ಷೆ ಮಾಡುವ ಹಂತದಲ್ಲಿ ಸಾರ್ ಒಂದು ಟಿಪ್ಪಣಿ ಬರೆದಿದ್ದಾರೆ. ಮಳೆ ಪುಸ್ತಕದಲ್ಲಿ ಇಂಚು ಮತ್ತು ಸೆಂಟ್ ಎರಡು ಬೇರೆ ಅಂಕಣದಲ್ಲಿರುತ್ತವೆ, ಇಂಚಿಗೆ 100 ಸೆಂಟ್, ಸೆಂಟ್ ಒಂದೇ ಅಂಕೆಯದಾದರೆ ಅದರ ಎಡಕ್ಕೆ ಸೊನ್ನೆ ಸೇರಿಸಿಯೇ ಕೂಡಿಸಬೇಕು ಅಂತ. ಇದು ಎಂಥ ಮಾತು ಅಂತ ಕೊಡಗಿನವರಿಗೆ ವಿವರಿಸಬೇಕಿಲ್ಲ. 2 ಇಂಚು 5 ಸೆಂಟ್ ಮಳೆ ಅಂದರೆ 2.05 ಇಂಚು, 52.07 ಮಿಲಿಮೀಟರ್. ಗೊತ್ತಿಲ್ಲದವರು ಅದನ್ನು 2.5 ಅಂತ ಬರೆದರೆ 63.5 ಮಿಲಿಮೀಟರ್ ಆಗಿಬಿಡುತ್ತದೆ. ಒಂದು ದಿನಕ್ಕೇ ಹನ್ನೊಂದು ಮಿಲಿಮೀಟರ್‌ಗಿಂತ ಜಾಸ್ತಿ ತಪ್ಪು. ಮಳೆಗಾಲದ ಎಲ್ಲ ದಿನಗಳಲ್ಲೂ ಹೀಗೆ ಸೇರುತ್ತಾ ಹೋದರೆ ಆ ಲೆಕ್ಕವನ್ನು ಯಾರೂ ನಂಬುವಂತಿಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಜಾರಿದ್ದನ್ನು ಕಂಡ ಜಿಲ್ಲೆಯಲ್ಲಿ ಮಳೆ ಲೆಕ್ಕ ಹಗುರವಾದ ವಿಷಯವಲ್ಲ.

ಬಿಲ್ಡ್ ಮಾಡುವ ವಿಧಾನ ಹಳೆಯದಾಯಿತು. ಪುಸ್ತಕ ಬರೆದ ರೀತಿ ಹಳೆಯದಾಗುವುದಿಲ್ಲ. 1950ರ ಮಳೆ ಪುಸ್ತಕವನ್ನು 2050ರಲ್ಲಿ ಓದಬೇಕಾದರೂ ಇಂಚು ಸೆಂಟಿನ ಈ ನಿಯಮವೇ ಬೇಕು. ಆದ್ದರಿಂದ ಆ ಟಿಪ್ಪಣಿಯನ್ನು ಎತ್ತಿ, ಡೇಟಾ ಫೈಲಿನ ರೂಪ ವಿವರಿಸುವ ಪುಟದ ಮೊದಲ ಭಾಗದಲ್ಲಿ ಹಾಕಿ. ಅಲ್ಲಿಗೆ ಇನ್ನೊಂದು ಸಾಲನ್ನೂ ಒಯ್ಯಿರಿ. ಖಾಲಿ ಬಿಟ್ಟ ಜಾಗ ಅಂದರೆ ಅವತ್ತು ಅಳತೆ ತೆಗೆದಿಲ್ಲ ಅಂತ, ಸೊನ್ನೆ ಅಂದರೆ ಮಳೆ ಬಂದಿಲ್ಲ ಅಂತ ಅವರು ಇನ್ನೊಂದು ಕಡೆ ಬರೆದಿದ್ದಾರೆ. ಎರಡೂ ಒಂದೇ ಅಲ್ಲ. ಮೊದಲ ಹೂಮಳೆ ಯಾವ ದಿನ ಬಿತ್ತು ಅಂತ ಹುಡುಕುವಾಗ ಈ ವ್ಯತ್ಯಾಸವೇ ಎಲ್ಲವೂ.

ಇದಕ್ಕೇ ಕೊಂಡಿ ಇರುವ ಮೂರನೆಯ ಸಾಲೊಂದು ಕಂಪೈಲರ್ ಆಯ್ಕೆಗಳ ಪಟ್ಟಿಯಲ್ಲಿ ಅಡಗಿದೆ. ‘ಫಾಸ್ಟ್ ಮ್ಯಾತ್ ಹಾಕಬೇಡಿ’ ಅಂತ ಇದೆ, ಯಾಕೆ ಅಂತ ಇಲ್ಲ. ಫಾಸ್ಟ್ ಮ್ಯಾತ್ ಅಂದರೆ ಲೆಕ್ಕವನ್ನು ವೇಗ ಮಾಡುವ ಕಂಪೈಲರ್ ಆಯ್ಕೆ. ನೀವು ಆ ಪಟ್ಟಿಯನ್ನು ಪೂರ್ತಿ ಅಳಿಸಿದ್ದರೆ ಇದೂ ಹೋಗುತ್ತಿತ್ತು. ಕಾರಣ ಹೀಗಿದೆ. ನಿಮ್ಮ ಸಿ ಕೋಡ್ ಅಳತೆ ಇಲ್ಲದ ದಿನವನ್ನು ‘ನ್ಯಾನ್’ (ಸಂಖ್ಯೆಯಲ್ಲ) ಎಂಬ ಬೆಲೆಯಲ್ಲಿ ಇಡುತ್ತದೆ. ಜಿಸಿಸಿ ಎಂಬ ಕಂಪೈಲರಿನಲ್ಲಿ ಫಾಸ್ಟ್ ಮ್ಯಾತ್ ಹಾಕಿದರೆ, ನ್ಯಾನ್ ಎಂಬುದು ಬರುವುದೇ ಇಲ್ಲ ಎಂದು ಕಂಪೈಲರ್ ನಂಬಿಕೊಳ್ಳುತ್ತದೆ. ‘ಇದು ನ್ಯಾನ್ ಹೌದೋ’ ಎಂದು ಕೇಳುವ ಪರೀಕ್ಷೆಯನ್ನೇ ಅದು ತೆಗೆದುಹಾಕಬಹುದು. ಎರರ್ ಬರುವುದಿಲ್ಲ, ಉತ್ತರ ಮಾತ್ರ ತಪ್ಪು ಬರುತ್ತದೆ. ಕಂಪೈಲರ್ ಯಾವುದೇ ಇರಲಿ, ಈ ಎಚ್ಚರಿಕೆ ಈಗಲೂ ನಿಜ. ಅದನ್ನು ಕಾರಣ ಸಮೇತ ಹೊಸ ಬಿಲ್ಡ್ ಫೈಲಿನ ಪಕ್ಕದಲ್ಲೇ ಕಾಮೆಂಟ್ ಆಗಿ ಬರೆಯಿರಿ. ಜೊತೆಗೆ ಒಂದು ಟೆಸ್ಟ್ ಸೇರಿಸಿ. ಖಾಲಿ ದಿನವೊಂದು ಇರುವ ಪುಟ್ಟ ಫೈಲ್ ಕೊಟ್ಟು, ಅದು ಸೊನ್ನೆ ಆಗಿಲ್ಲ ಅಂತ ನೋಡಿದರೆ ಸಾಕು.

ಪುಟದಲ್ಲಿ ಉಳಿದದ್ದೆಲ್ಲ, ಅಂದರೆ ಎಕ್ಸ್‌ಪಿಯ ಪಾತ್ ಹೊಂದಿಸುವ ಚಿತ್ರಗಳು, ಈಸಿ ಇನ್‌ಸ್ಟಾಲ್, ಉಬುಂಟು 12.04ರ ಪ್ಯಾಕೇಜ್ ಹೆಸರುಗಳು, ಧೈರ್ಯವಾಗಿ ತೆಗೆಯಬಹುದು.

ಅಳಿಸುವಾಗ ಡಾಕ್ಯುಮೆಂಟೇಶನ್ ಫೋಲ್ಡರ್ ಒಂದನ್ನೇ ನೋಡಿ ನಿಲ್ಲಿಸಬೇಡಿ. ಒಂದೇ ಸೂಚನೆ ಹತ್ತು ಕಡೆ ಕಾಪಿ ಆಗಿರುತ್ತದೆ. ರಿಪಾಸಿಟರಿಯ (ಪ್ರಾಜೆಕ್ಟಿನ ಫೈಲುಗಳೆಲ್ಲ ಇರುವ ಫೋಲ್ಡರಿನ) ಬುಡದಲ್ಲಿ ನಿಂತು ‘ಗಿಟ್ ಗ್ರೆಪ್’ ಹಾಕಿ ‘ಸೆಟಪ್ ಡಾಟ್ ಪೈ’, ‘ಈಸಿ ಇನ್‌ಸ್ಟಾಲ್’, ‘2.7’, ‘2008’ ಇವನ್ನು ಹುಡುಕಿ. ರೀಡ್‌ಮಿ, ಇನ್‌ಸ್ಟಾಲ್ ಫೈಲ್, ಹೊಸದಾಗಿ ಕೈ ಜೋಡಿಸುವವರಿಗೆ ಬರೆದ ಫೈಲ್, ಡಾಕರ್ ಫೈಲ್, ಕನ್ನಡ ಅನುವಾದ ಎಲ್ಲದರಲ್ಲೂ ಸಿಗುತ್ತದೆ. ಕನ್ನಡ ಪುಟವನ್ನು ಮರೆಯಬೇಡಿ. ಇಂಗ್ಲಿಷ್ ಪುಟ ಸರಿಮಾಡಿ ಕನ್ನಡದ್ದನ್ನು ಹಾಗೇ ಬಿಟ್ಟರೆ, ಕನ್ನಡದಲ್ಲಿ ಓದುವವರಿಗೇ ಕೆಟ್ಟ ಸೂಚನೆ ಉಳಿಯುತ್ತದೆ.

ಎಲ್ಲರೂ ಬಿಟ್ಟುಬಿಡುವ ಒಂದು ಜಾಗ ಕೋಡಿನೊಳಗಿನ ಎರರ್ ಸಂದೇಶ. ನಿಮ್ಮ ಲೈಬ್ರರಿಯಲ್ಲಿ ಸಿ ಭಾಗ ಸಿಗದಿದ್ದರೆ ‘ಸೆಟಪ್ ಡಾಟ್ ಪೈ ಬಿಲ್ಡ್ ಎಕ್ಸ್‌ಟ್ ನಡೆಸಿ’ ಅಂತ ಒಂದು ಸಂದೇಶ ಬರುತ್ತದೆ. ಅದನ್ನು ಓದುವವರು ಆಗಲೇ ಕಷ್ಟದಲ್ಲಿರುತ್ತಾರೆ. ಅವರು ಅತಿ ಜಾಸ್ತಿ ನಂಬುವ ಡಾಕ್ಯುಮೆಂಟೇಶನ್ ಅದೇ. ಆ ಸಂದೇಶದಲ್ಲಿ ಕಮಾಂಡ್ ಬರೆಯಬೇಡಿ, ಹೊಸ ಇನ್‌ಸ್ಟಾಲ್ ಪುಟದ ವಿಳಾಸ ಕೊಡಿ. ನಾಳೆ ಕಮಾಂಡ್ ಬದಲಾದರೂ ಈಗಾಗಲೇ ಜನರ ಕಂಪ್ಯೂಟರಿನಲ್ಲಿ ಕೂತಿರುವ ಕೋಡ್ ಸರಿಯಾದ ಕಡೆಗೇ ಕಳಿಸುತ್ತದೆ.

ಪುಟ ಅಳಿಸಿದ ಜಾಗದಲ್ಲಿ 404, ಅಂದರೆ ‘ಪುಟ ಸಿಗಲಿಲ್ಲ’ ಎಂಬ ಎರರ್ ಬರಬಾರದು. ಆ ವಿಳಾಸವನ್ನು ಜನ ವಾಟ್ಸಾಪ್‌ನಲ್ಲಿ ಹಂಚಿಕೊಂಡಿರುತ್ತಾರೆ, ಲ್ಯಾಬ್ ರೆಕಾರ್ಡಿನಲ್ಲಿ ಬರೆದಿರುತ್ತಾರೆ. ಪುಟಗಳನ್ನು ರೀಡ್ ದ ಡಾಕ್ಸ್ ಎಂಬ ತಾಣದಲ್ಲಿ ಇಟ್ಟಿದ್ದರೆ ಹೊಸ ಪುಟಕ್ಕೆ ರೀಡೈರೆಕ್ಟ್ ಹಾಕುವ ಸೌಲಭ್ಯ ಅಲ್ಲೇ ಇದೆ. ಪೈಥಾನ್‌ನವರೇ ಇದಕ್ಕೆ ಒಳ್ಳೆಯ ಮಾದರಿ ಹಾಕಿಕೊಟ್ಟಿದ್ದಾರೆ. ಅವರ ಈಗಿನ ಡಾಕ್ಯುಮೆಂಟೇಶನ್‌ನಲ್ಲಿ ಡಿಸ್ಟ್‌ಯುಟಿಲ್ಸ್ ಪುಟ ತೆರೆದು ನೋಡಿ. ಬಳಸುವ ವಿಧಾನ ಒಂದೂ ಇಲ್ಲ. ಇದನ್ನು 3.12ರಲ್ಲಿ ತೆಗೆಯಲಾಗಿದೆ, ಇದು ಇದ್ದ ಕೊನೆಯ ಆವೃತ್ತಿ 3.11 ಅಂತ ಕೆಲವೇ ಸಾಲು, ಹಳೆಯ ಆವೃತ್ತಿಯ ಪುಟಕ್ಕೆ ಒಂದು ದಾರಿ. ಕಾಪಿ ಮಾಡಿ ನಡೆಸುವಂಥದ್ದು ಅಲ್ಲಿ ಏನೂ ಇಲ್ಲ. ಎಚ್ಚರಿಕೆ ಸಾಲಿಗೂ ಇದಕ್ಕೂ ಇರುವ ವ್ಯತ್ಯಾಸ ಅದೇ. ನಿಮ್ಮದಕ್ಕೂ ಇಷ್ಟೇ ಸಾಕು.

ಕಮಿಟ್‌ಗಳನ್ನು (ಗಿಟ್‌ನಲ್ಲಿ ದಾಖಲಿಸುವ ಬದಲಾವಣೆಗಳನ್ನು) ಬೇರೆ ಬೇರೆ ಮಾಡಿ. ಟಿಪ್ಪಣಿಗಳನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಯ್ದದ್ದು ಒಂದು, ಬರೀ ಅಳಿಸಿದ್ದು ಒಂದು, ಹೊಸದಾಗಿ ಬರೆದದ್ದು ಒಂದು. ಎಲ್ಲವನ್ನೂ ಒಂದರಲ್ಲೇ ತುರುಕಿದರೆ ಪರಿಶೀಲಿಸುವವರಿಗೆ ಕೆಂಪು ಹಸಿರು ಸಾಲುಗಳ ರಾಶಿ ಮಾತ್ರ ಕಾಣುತ್ತದೆ. ಯಾವುದಾದರೂ ಮುಖ್ಯ ಸಾಲು ತಪ್ಪಿಹೋಗಿದ್ದರೆ ಅದು ಕಣ್ಣಿಗೆ ಬೀಳುವುದಿಲ್ಲ. ಅಳಿಸಿದ ಕಮಿಟ್‌ನ ಸಂದೇಶದಲ್ಲಿ ಯಾಕೆ ಅಳಿಸಿದ್ದು, ಈ ಸೂಚನೆ ಯಾವ ಟ್ಯಾಗ್‌ವರೆಗೆ ನಡೆಯುತ್ತದೆ ಎರಡನ್ನೂ ಬರೆಯಿರಿ. ಮುಂದೆ ಯಾರಾದರೂ ಗಿಟ್ ಲಾಗ್‌ನಲ್ಲಿ ದೊಡ್ಡ ಎಸ್ ಆಯ್ಕೆ ಹಾಕಿ ‘ಈ ಪದ ಯಾವಾಗ ಮಾಯವಾಯಿತು’ ಅಂತ ಹುಡುಕಿದರೆ ಆ ಸಂದೇಶವೇ ಅವರಿಗೆ ಉತ್ತರ ಹೇಳುತ್ತದೆ.

ಈಗ ಹೊಸ ಪುಟ. ಅದು ಚಿಕ್ಕದಾಗಿರಲಿ. ನಿಮ್ಮ ಹಳೆಯ ಪುಟದ ದೊಡ್ಡ ತೊಂದರೆ ಏನೆಂದರೆ, ಲೈಬ್ರರಿ ಬಳಸುವವರೂ ಲೈಬ್ರರಿ ಕಟ್ಟುವವರೂ ಒಂದೇ ಬಾಗಿಲಿನಿಂದ ಬರಬೇಕು. ಆ ಕಾಲದಲ್ಲಿ ಬೇರೆ ದಾರಿ ಇರಲಿಲ್ಲ ಅನ್ನಿ. ಈಗ ಸಿಐಬಿಲ್ಡ್‌ವೀಲ್ ಎಂಬ ಉಪಕರಣ ಇದೆ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ವೀಲ್‌ಗಳನ್ನು ಅದೇ ಕಟ್ಟಿ ಕೊಡುತ್ತದೆ. ವೀಲ್ ಇದ್ದರೆ ಬಳಸುವವರಿಗೆ ಕಂಪೈಲರ್ ಬೇಕಿಲ್ಲ. ವರ್ಚುವಲ್ ಎನ್ವಿರಾನ್‌ಮೆಂಟ್ ಮಾಡಿಕೊಂಡು ಪಿಪ್ ಇನ್‌ಸ್ಟಾಲ್ ಅಂದರೆ ಮುಗಿಯಿತು. ಮೊದಲ ಪುಟದಲ್ಲಿ ಅದಿಷ್ಟೇ ಇರಲಿ. ಕೋಡನ್ನು ತಿದ್ದುವವರಿಗೆ ಮಾತ್ರ ಬೇರೆ ಪುಟದಲ್ಲಿ ಬಿಲ್ಡ್ ವಿವರ ಕೊಡಿ. ಅಲ್ಲೂ ಬಿಲ್ಡ್ ವಿವರ ಬರೆದಿಡುವ ಪೈಪ್ರಾಜೆಕ್ಟ್ ಡಾಟ್ ಟಾಮ್ಲ್ ಫೈಲ್ ಸರಿಯಾಗಿದ್ದರೆ ಬೇಕಾದ ಬಿಲ್ಡ್ ಉಪಕರಣಗಳನ್ನು ಪಿಪ್ ತಾನೇ ತಂದುಕೊಳ್ಳುತ್ತದೆ. ಕಂಪೈಲರ್ ಒಂದನ್ನು ಮಾತ್ರ ಅವರೇ ಹಾಕಿಕೊಳ್ಳಬೇಕು.

ಈ ಪುಟ ಮತ್ತೆ ಹಳೆಯದಾಗದಂತೆ ನೋಡಿಕೊಳ್ಳಲು ಒಂದೇ ದಾರಿ ನನಗೆ ಗೊತ್ತು. ಪುಟದಲ್ಲಿರುವ ಕಮಾಂಡ್‌ಗಳನ್ನು ಯಂತ್ರವೇ ನಡೆಸಿ ನೋಡಬೇಕು. ಕಮಾಂಡ್‌ಗಳನ್ನು ಪುಟದಲ್ಲಿ ಬರೆಯುವ ಬದಲು ಒಂದು ಪುಟ್ಟ ಶೆಲ್ ಸ್ಕ್ರಿಪ್ಟ್ ಫೈಲಿನಲ್ಲಿ ಬರೆಯಿರಿ. ಡಾಕ್ಯುಮೆಂಟೇಶನ್ ಪುಟ ತಯಾರಿಸುವ ಸ್ಫಿಂಕ್ಸ್‌ನಲ್ಲಿ ‘ಲಿಟರಲ್ ಇನ್‌ಕ್ಲೂಡ್’ ಬಳಸಿ ಆ ಫೈಲನ್ನೇ ಪುಟದಲ್ಲಿ ತೋರಿಸಿ. ಅದೇ ಫೈಲನ್ನು, ಕಮಾಂಡ್‌ಗಳನ್ನು ತಾನಾಗಿ ನಡೆಸುವ ಗಿಟ್‌ಹಬ್ ಆ್ಯಕ್ಷನ್ಸ್‌ನಲ್ಲಿ, ಏನೂ ಹಾಕಿರದ ಖಾಲಿ ಕಂಟೇನರಿನಲ್ಲಿ (ಬೇರೆಯಾಗಿ ಇಟ್ಟ ಪುಟ್ಟ ಸಿಸ್ಟಮ್‌ನಲ್ಲಿ) ನಡೆಸಿ. ಓದುಗರು ನೋಡುವುದೂ ಯಂತ್ರ ನಡೆಸುವುದೂ ಒಂದೇ ಫೈಲ್ ಆಗುತ್ತದೆ. ಎರಡರ ನಡುವೆ ಬಿರುಕು ಬೀಳಲು ಜಾಗವೇ ಇಲ್ಲ. ಕಮಿಟ್ ಬಂದಾಗ ಮಾತ್ರವಲ್ಲ, ವಾರಕ್ಕೊಮ್ಮೆಯೂ ಅದು ನಡೆಯಲಿ. ನೀವು ಏನೂ ಮುಟ್ಟದೆ ಇದ್ದಾಗಲೂ ಹೊರಗಿನ ಉಪಕರಣ ಬದಲಾಗುತ್ತದೆ ಅಂತ ಆಗಲೇ ಹೇಳಿದೆನಲ್ಲ. ಲಿಂಕ್‌ಗಳಿಗೆ ಸ್ಫಿಂಕ್ಸ್‌ನಲ್ಲೇ ‘ಲಿಂಕ್ ಚೆಕ್’ ಇದೆ, ಅದನ್ನೂ ಜೊತೆಗೆ ಸೇರಿಸಿ. ಒಂದು ಎಚ್ಚರಿಕೆ: ಸಾರ್ವಜನಿಕ ರಿಪಾಸಿಟರಿಯಲ್ಲಿ 60 ದಿನ ಯಾವ ಚಟುವಟಿಕೆಯೂ ಇಲ್ಲದಿದ್ದರೆ ಇಂಥ ವಾರದ ಓಟವನ್ನು ಗಿಟ್‌ಹಬ್ ನಿಲ್ಲಿಸಿಬಿಡುತ್ತದೆ. ನಿಮ್ಮಂಥ ನಿಧಾನದ ಪ್ರಾಜೆಕ್ಟ್‌ಗೆ ಇದು ಖಂಡಿತ ಆಗುವ ಮಾತು. ಹಸಿರು ಗುರುತು ನೋಡಿ ಸುಮ್ನೆ ಕೂರಬೇಡಿ, ಕೊನೆಯ ಸಲ ನಡೆದ ತಾರೀಕನ್ನೂ ನೋಡಿ.

ಸಾರ್ ವಿಷಯ. ಅವರಿಗೆ ಹೇಳದೆ ಅಳಿಸಬೇಡಿ. ಆ ಪುಟಗಳನ್ನು ಬರೆದ ಕಾಲದಲ್ಲಿ ವಿಂಡೋಸ್‌ನಲ್ಲಿ ಪೈಥಾನ್‌ಗೆ ಸಿ ಎಕ್ಸ್‌ಟೆನ್ಶನ್ ಕಟ್ಟುವುದು ದೊಡ್ಡವರಿಗೇ ತಲೆನೋವಾಗಿತ್ತು. ಅವರು ಅದನ್ನು ಒಂದೊಂದೇ ಹೆಜ್ಜೆ ಬಿಡಿಸಿ, ಬೇರೆಯವರಿಗೂ ಅರ್ಥವಾಗುವ ಹಾಗೆ ಬರೆದಿದ್ದಾರೆ. ಆ ಪುಟಗಳು ಆಗ ಎಷ್ಟೋ ಜನರಿಗೆ ದಾರಿ ತೋರಿಸಿರಬೇಕು. ಲ್ಯಾಪ್‌ಟಾಪ್ ತೆಗೆದುಕೊಂಡು ಅವರ ಹತ್ತಿರ ಹೋಗಿ. ವಾದ ಮಾಡಬೇಡಿ. ಖಾಲಿ ಕಂಟೇನರಿನಲ್ಲಿ ಅವರ ಪುಟದ ಮೊದಲ ಕಮಾಂಡನ್ನು ಅವರ ಎದುರಿಗೇ ನಡೆಸಿ ತೋರಿಸಿ. ಆಮೇಲೆ ಅವರ ಇಂಚು ಸೆಂಟಿನ ಟಿಪ್ಪಣಿ ಹೊಸ ಪುಟದಲ್ಲಿ ಎಲ್ಲಿಗೆ ಬಂದಿದೆ ಅಂತ ತೋರಿಸಿ. ಫಾಸ್ಟ್ ಮ್ಯಾತ್ ಸಾಲಿನ ಕಾರಣ ನಾನು ಹೇಳಿದ್ದೇನೋ ಬೇರೆ ಏನಾದರೂ ಇತ್ತೋ ಅಂತಲೂ ಕೇಳಿ. ಬರೆಯದೆ ಬಿಟ್ಟ ಇನ್ನೆರಡು ವಿಷಯ ಅವರ ನೆನಪಿನಲ್ಲಿ ಇರಬಹುದು. ಅವೂ ಬರಹಕ್ಕೆ ಬರಲಿ. ಹಳೆಯ ಪುಟಗಳನ್ನು ಬರೆದವರು ಅಂತ ಅವರ ಹೆಸರನ್ನು ಆಥರ್ಸ್ ಫೈಲಿನಲ್ಲಿ ಸ್ಪಷ್ಟವಾಗಿ ಸೇರಿಸಿ. ಪುಟ ಅಳಿಸಿದಾಗ ಗಿಟ್ ಇತಿಹಾಸ ನೋಡದವರಿಗೆ ಆ ದುಡಿಮೆ ಕಾಣದೆ ಹೋಗಬಾರದು.

ಇದೆಲ್ಲವನ್ನೂ ಮುಂದಿನ ಬಿಡುಗಡೆಗೆ ಮೊದಲೇ ಮುಗಿಸಿಕೊಳ್ಳಿ. ಪಿಪ್ ಲೈಬ್ರರಿಗಳನ್ನು ತರುವ ಪೈಪಿಐ ತಾಣದಲ್ಲಿ, ನಿಮ್ಮ ಲೈಬ್ರರಿಯ ಪುಟದಲ್ಲಿ ಕಾಣುವ ವಿವರಣೆ ನಿಮ್ಮ ರೀಡ್‌ಮಿಯಿಂದ ಬರುತ್ತದೆ. ಒಮ್ಮೆ ಬಿಡುಗಡೆ ಮಾಡಿದ ಆವೃತ್ತಿಯ ವಿವರಣೆಯನ್ನು ಆಮೇಲೆ ಅಲ್ಲಿ ತಿದ್ದಲು ಬರುವುದಿಲ್ಲ. ಗಿಟ್‌ಹಬ್‌ನಲ್ಲಿ ನೀವು ಎಷ್ಟೇ ಚೆನ್ನಾಗಿ ಸರಿಮಾಡಿದರೂ, ಹೊಸ ಆವೃತ್ತಿ ಬರುವ ತನಕ ಪೈಪಿಐ ಪುಟ ಹಳೆಯ ಕಮಾಂಡನ್ನೇ ತೋರಿಸುತ್ತಿರುತ್ತದೆ. ಕೋಡಿನಲ್ಲಿ ಬದಲಾವಣೆ ಇಲ್ಲದಿದ್ದರೂ ಪರವಾಗಿಲ್ಲ, ಇದಕ್ಕಾಗಿಯೇ ಒಂದು ಚಿಕ್ಕ ಬಿಡುಗಡೆ ಮಾಡಬಹುದು. ಮಳೆಗಾಲ ಹಿಡಿಯುವ ಮುಂಚೆ, ನೆಟ್‌ವರ್ಕ್ ನೆಟ್ಟಗಿರುವಾಗಲೇ ಮಾಡಿಬಿಡಿ.